ನಮ್ಮನ್ನೂ ಒಂದು ಮಾತು ಕೇಳಿ: ಕೇಂದ್ರ ಪರಿಸರ ಸಚಿವರಿಗೆ ಮಂಡ್ಯದಿಂದ ಬಹಿರಂಗ ಪತ್ರ

ಮಾನ್ಯ ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆ ಸಚಿವರಿಗೆ,

ನಮಸ್ಕಾರ. ನಾನು ಮಂಡ್ಯ ಜಿಲ್ಲೆಯವಳು. ಇಪ್ಪತ್ತೊಂಬತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ಈಗ ನಿವೃತ್ತಳಾಗಿದ್ದೇನೆ. ಇದನ್ನು ಬರೆಯುವಾಗ ನನ್ನ ಮೇಜಿನ ಮೇಲೆ ಒಂದು ಕಲ್ಲಿದೆ. ಅಂಗೈ ಅಗಲದ್ದು. ಬಿಳಿ ಬೆಣಚುಕಲ್ಲು, ಅದರ ಒಂದು ಮಗ್ಗುಲಿಗೆ ಕಾಗೆಬಂಗಾರ. ಉಗುರು ತಾಗಿಸಿದರೆ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಏಳುತ್ತದೆ. ಎಷ್ಟೋ ವರ್ಷದ ಹಿಂದೆ ಶ್ರೀರಂಗಪಟ್ಟಣ ತಾಲ್ಲೂಕಿನ ಕಡೆಯ ಹುಡುಗನೊಬ್ಬ ಇದನ್ನು ಶಾಲೆಗೆ ತಂದಿದ್ದ. ಅವನ ತಾತನ ಹೊಲದ ಬದುವಿನಲ್ಲಿ ಸಿಕ್ಕಿದ್ದಂತೆ. "ಮಿಸ್, ನಮ್ ಹೊಲ್ದಲ್ಲಿ ಇಂಥವು ರಾಶಿ ಬಿದ್ದವೆ" ಅಂದ. ಇದು ಅಭ್ರಕ ಕಣಪ್ಪ ಎಂದು ಹೇಳಿ, ಚೀಟಿ ಅಂಟಿಸಿ, ಲ್ಯಾಬಿನ ಬೀರುವಿನಲ್ಲಿ ಇಟ್ಟೆ.

ಆಮೇಲೆ 2020ರ ಫೆಬ್ರುವರಿಯಲ್ಲಿ ಪೇಪರಿನಲ್ಲಿ ಸುದ್ದಿ ಬಂತು. ಮಂಡ್ಯದಲ್ಲಿ 14,100 ಟನ್ ಲಿಥಿಯಂ ಇದೆ ಎಂದು ಅಂದಾಜು. ಜಿಲ್ಲೆಯಲ್ಲೆಲ್ಲ ಅದೇ ಮಾತು. ಒಂದು ವರ್ಷ ಕಳೆದ ಮೇಲೆ ಸರ್ಕಾರವೇ ಸಂಸತ್ತಿನಲ್ಲಿ ಲೆಕ್ಕ ಕೊಟ್ಟಿತು. ಅಣು ಖನಿಜ ನಿರ್ದೇಶನಾಲಯದವರು ಮರಳಗಾಲ–ಅಲ್ಲಾಪಟ್ಟಣ ಸುತ್ತಮುತ್ತ ಹುಡುಕಿದಾಗ ಕಂಡದ್ದು 1,600 ಟನ್, ಅದೂ ಮೊದಲ ಹಂತದ ಅಂದಾಜು. ಪೆಗ್ಮಟೈಟ್ ಎಂಬ ಬಿಳಿ ಕಲ್ಲಿನ ಪಟ್ಟೆಗಳಲ್ಲಿ ಅದು ಸೇರಿಕೊಂಡಿದೆ. ಬೆಣಚು, ಕಾಗೆಬಂಗಾರ ಎಲ್ಲ ಇರುವ ಅದೇ ಕಲ್ಲು. ಆ ಹುಡುಗ ತಂದ ಕಲ್ಲಿನಲ್ಲಿ ಲಿಥಿಯಂ ಇದೆಯೋ ಇಲ್ಲವೋ ನಾನು ಪರೀಕ್ಷೆ ಮಾಡಿಸಿಲ್ಲ. ನಿವೃತ್ತಿಯ ದಿನ ಮಾತ್ರ ಅದನ್ನು ಮನೆಗೆ ತಂದೆ.

ನಾನು ನಿಮಗೆ ಬರೆಯುತ್ತಿರುವುದು ಒಂದೇ ಒಂದು ಕಾಗದದ ವಿಚಾರಕ್ಕೆ. 2025ರ ಸೆಪ್ಟೆಂಬರ್ 8ರಂದು ನಿಮ್ಮ ಸಚಿವಾಲಯ ಒಂದು ಕಚೇರಿ ಜ್ಞಾಪನ ಹೊರಡಿಸಿತು. ಅಣು ಖನಿಜ, ನಿರ್ಣಾಯಕ ಮತ್ತು ಕಾರ್ಯತಂತ್ರದ ಖನಿಜಗಳ ಗಣಿಗಳಿಗೆ ಇನ್ನು ಮುಂದೆ ಸಾರ್ವಜನಿಕ ಅಹವಾಲು, ಅಂದರೆ ಸುತ್ತಲಿನ ಊರಿನವರನ್ನು ಕರೆದು ಅವರ ಮಾತು ಕೇಳುವ ಸಭೆ, ಬೇಕಿಲ್ಲ ಎಂದು ಅದು ಹೇಳುತ್ತದೆ. ಗಣಿ ಎಷ್ಟೇ ಚಿಕ್ಕದಿರಲಿ, ಪರಿಶೀಲನೆ ಎಲ್ಲ ದೆಹಲಿಯಲ್ಲೇ. ರಕ್ಷಣೆಗೆ, ಅಣುಶಕ್ತಿಗೆ ಈ ಖನಿಜ ಬೇಕು, ಬೇಗ ಬೇಕು ಎಂಬುದು ಕಾರಣ. ಈ ಪಟ್ಟಿಯಲ್ಲಿ ಲಿಥಿಯಂ ಇದೆ, ನಿಕ್ಕಲ್ ಇದೆ, ಗ್ರಾಫೈಟ್, ವೆನೇಡಿಯಂ, ಟಂಗ್‌ಸ್ಟನ್, ಪ್ಲಾಟಿನಂ ಇದೆ. ಗೊಬ್ಬರಕ್ಕೆ ಬಳಸುವ ಪೊಟ್ಯಾಷ್, ಫಾಸ್ಫೇಟ್ ಕೂಡ ಇದೆ. ಅಂದರೆ ನಾಳೆ ಮರಳಗಾಲದ ಹೊಲ ಹರಾಜಿಗೆ ಬಂದರೆ, ಅಲ್ಲಿಯ ರೈತನನ್ನು ಕೂರಿಸಿ "ನಿನಗೇನು ಅನ್ನಿಸುತ್ತೆ" ಎಂದು ಕೇಳುವ ಆ ಒಂದು ದಿನವೂ ಇರುವುದಿಲ್ಲ. ಈ ಜ್ಞಾಪನವನ್ನು ವಾಪಸ್ ತೆಗೆದುಕೊಳ್ಳಿ ಎಂದು ಕೇಳಿಕೊಳ್ಳಲು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ನಾನು ಗಣಿಯೇ ಬೇಡ ಅನ್ನುವವಳಲ್ಲ. ನಮ್ಮ ಮನೆ ಚಾವಣಿ ಮೇಲೆ ಸೋಲಾರ್ ಇದೆ. ಮಗಳು ಓಡಿಸುವುದು ಎಲೆಕ್ಟ್ರಿಕ್ ಸ್ಕೂಟರ್. ಮಳೆ ತನ್ನ ಲೆಕ್ಕ ತಪ್ಪಿದ್ದನ್ನು ಮಂಡ್ಯದ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಲ್ಲಿದ್ದಲು, ಪೆಟ್ರೋಲು ಬಿಡಬೇಕು ಅಂದರೆ ಬ್ಯಾಟರಿ ಬೇಕು. ಬ್ಯಾಟರಿಗೆ ಲಿಥಿಯಂ ಬೇಕು. ನಾವು ಇಂದು ಅದನ್ನೆಲ್ಲ ಹೊರಗಿನಿಂದ ತರಿಸುತ್ತಿದ್ದೇವೆ. 2025ರ ಏಪ್ರಿಲ್‌ನಲ್ಲಿ ಚೀನಾ ಏಳು ಬಗೆಯ ವಿರಳ ಲೋಹಗಳ ರಫ್ತಿಗೆ ಲಗಾಮು ಹಾಕಿದಾಗ ನಮ್ಮ ವಾಹನ ಕಂಪನಿಗಳು ಮೋಟಾರಿನ ಅಯಸ್ಕಾಂತಕ್ಕೆ ಪರದಾಡಿದ್ದನ್ನು ನಾನೂ ಓದಿದ್ದೇನೆ. ನಿಮ್ಮ ಆತುರ ನನಗೆ ಅರ್ಥವಾಗುತ್ತದೆ.

ಆದರೆ ಈ ಆತುರಕ್ಕೆ ಅಡ್ಡ ಬಂದಿರುವುದು ಜನರನ್ನು ಕೇಳುವ ಸಭೆಯೇ?

ಲೆಕ್ಕ ನೋಡಿ. ಪರಿಸರ ಪರಿಣಾಮ ಅಂದಾಜಿನ 2006ರ ಅಧಿಸೂಚನೆಯ ಪ್ರಕಾರ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಅಹವಾಲು ಸಭೆ ಮುಗಿಸಿ ವರದಿ ಕಳಿಸಬೇಕಾದದ್ದು 45 ದಿನದಲ್ಲಿ. ಅದರಲ್ಲಿ 30 ದಿನ ಜನರಿಗೆ ಮುಂಚಿತವಾಗಿ ತಿಳಿಸಲು. ನೆಲದೊಳಗೆ ಖನಿಜ ಕಂಡ ದಿನದಿಂದ ಅದಿರು ಲಾರಿ ಹತ್ತುವ ದಿನದವರೆಗೆ ಹತ್ತು, ಹದಿನೈದು ವರ್ಷ ಹಿಡಿಯುತ್ತದೆ. ಅದರಲ್ಲಿ ಈ 45 ದಿನ ಉಳಿಸಿ ಎಷ್ಟು ಬೇಗ ಮಾಡಿದ ಹಾಗಾಯಿತು?

ಜಮ್ಮು-ಕಾಶ್ಮೀರದ ರಿಯಾಸಿಯನ್ನು ನೋಡಿ. 2023ರ ಫೆಬ್ರುವರಿಯಲ್ಲಿ ಅಲ್ಲಿ 59 ಲಕ್ಷ ಟನ್ ಲಿಥಿಯಂ ಅದಿರು ಸಿಕ್ಕಿತು ಎಂದು ದೇಶವೇ ಸಂಭ್ರಮಪಟ್ಟಿತು. ಅದೇ ವರ್ಷ ನವೆಂಬರ್‌ನಲ್ಲಿ ಗಣಿಗೆಂದು ಗುರುತಿಸಿದ ಜಾಗಗಳಲ್ಲಿ ಮೊದಲ ಕಂತಿನ 20 ಬ್ಲಾಕ್‌ಗಳ ಹರಾಜು ಶುರುವಾಯಿತು. 2024ರ ಮಾರ್ಚ್‌ನಲ್ಲಿ ಅವುಗಳಲ್ಲಿ 13ರ ಹರಾಜು ರದ್ದಾಯಿತು. ಕೊಳ್ಳುವವರೇ ಸಾಕಷ್ಟು ಬರಲಿಲ್ಲ. ರಿಯಾಸಿಯೂ ಅದರಲ್ಲಿ ಸೇರಿತ್ತು. ಇನ್ನೊಮ್ಮೆ ಕರೆದರು, ಆಗಲೂ ಆಗಲಿಲ್ಲ. ಅಲ್ಲಿ ಯಾವ ಅಹವಾಲು ಸಭೆಯೂ ಅಡ್ಡ ಬಂದಿರಲಿಲ್ಲ. ಮಾತು ಅಲ್ಲಿಯವರೆಗೆ ಹೋಗಿಯೇ ಇರಲಿಲ್ಲ. ನೆಲದೊಳಗೆ ನಿಜವಾಗಿ ಎಷ್ಟಿದೆ ಎಂದು ಪೂರ್ತಿ ಕೊರೆದು ನೋಡದೆ ಹರಾಜು ಕೂಗಿದರೆ ದುಡ್ಡು ಹಾಕುವವನು ಹೇಗೆ ಬರುತ್ತಾನೆ? ತಡ ಆಗುತ್ತಿರುವುದು ಅಲ್ಲಿ. ಆ ಮಣ್ಣಿನಿಂದ ಲಿಥಿಯಂ ಬಿಡಿಸುವ ಕಾರ್ಖಾನೆ ನಮ್ಮಲ್ಲಿ ಇಲ್ಲದಿರುವುದರಲ್ಲಿ. ಅಹವಾಲು ಸಭೆಗೆ ಹಾಕುವ ಹಳ್ಳಿಯ ಶಾಮಿಯಾನದಲ್ಲಿ ಅಲ್ಲ.

ಆ ಶಾಮಿಯಾನದ ವಿಚಾರ ಹೇಳಲೇಬೇಕು. ದೆಹಲಿಯಲ್ಲಿ ಕೂತವರಿಗೆ ಅದು ಸುಮ್ನೆ ಒಂದು ವಿಧಿ ಅನ್ನಿಸಬಹುದು.

ಕೆಲವು ವರ್ಷದ ಹಿಂದೆ ನನ್ನ ತವರಿನ ಹತ್ತಿರ ಒಂದು ಗಣಿಯ ವಿಸ್ತರಣೆಗೆ ಅಹವಾಲು ಸಭೆ ಇತ್ತು. ಶಾಲೆಯ ಆಟದ ಬಯಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ, ಒಂದು ಮೈಕು, ವಿಡಿಯೊದವನು. ಎದುರಿಗೆ ದೊಡ್ಡ ನಕ್ಷೆ ತೂಗು ಹಾಕಿದ್ದರು. ಕಂಪನಿ ಕಡೆಯವರು ಬಣ್ಣದ ಕೋಲು ಹಿಡಿದು ವಿವರಿಸಿದರು. ಇದು ಗಣಿ, ಇದು ರಸ್ತೆ, ತೆಗೆದ ಮಣ್ಣನ್ನು ಇಲ್ಲಿ ಗುಡ್ಡೆ ಹಾಕುತ್ತೇವೆ. ಎಲ್ಲ ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದು ಬಂದರು. ಎಪ್ಪತ್ತೈದು ದಾಟಿರಬಹುದು. ಮೈಕಿನ ಹತ್ತಿರ ಹೋಗದೆ ಸೀದಾ ನಕ್ಷೆಯ ಹತ್ತಿರ ಹೋದರು. ಸ್ವಲ್ಪ ಹೊತ್ತು ಅದನ್ನೇ ನೋಡಿದರು.

"ಸ್ವಾಮಿ, ಈ ಪಟದಲ್ಲಿ ನಮ್ ಹಳ್ಳ ಎಲ್ಲದೆ?"

ಕೋಲು ಹಿಡಿದವರು ಹೇಳಿದರು: "ಅಲ್ಲಿ ಯಾವ ಹಳ್ಳಾನೂ ಇಲ್ಲಮ್ಮ. ನಾವು ಬಂದು ಸರ್ವೆ ಮಾಡಿದ್ದೀವಿ."

"ಬೇಸ್ಗೆಲಿ ಬಂದ್ರೆ ಹೆಂಗಪ್ಪ ಕಾಣ್ತದೆ? ಸ್ವಾತಿ ಮಳೆ ಹೊತ್ಗೆ ಬಂದು ನೋಡಿ. ಮೊಣಕಾಲುದ್ದ ಹರೀತದೆ. ನಮ್ ಕಟ್ಟೆ ತುಂಬೋದೇ ಅದ್ರಿಂದ. ನೀವು ಮಣ್ಣು ಸುರೀತೀವಿ ಅಂತಿರೋದು ಅದ್ರ ಬಾಯ್ಗೇಯ."

ಸಭೆಯ ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ ಒಳ್ಳೆಯವರು. ಅದನ್ನು ಬರೆದುಕೊಳ್ಳಿ ಎಂದರು. ನಿಯಮದ ಪ್ರಕಾರ ಕೊನೆಯಲ್ಲಿ ನಡಾವಳಿಯನ್ನು ಕನ್ನಡದಲ್ಲಿ ಓದಬೇಕು. ಓದಿದರು. ತನ್ನ ಮಾತು ಬರುವವರೆಗೂ ಆ ಅಜ್ಜಿ ಕೂರಲಿಲ್ಲ, ಸೆರಗು ಹಿಡಿದುಕೊಂಡು ಕಂಬಕ್ಕೆ ಒರಗಿ ನಿಂತೇ ಇದ್ದರು. ಮುಂದೆ ಪರವಾನಗಿ ಬಂದಾಗ ಮಣ್ಣಿನ ಗುಡ್ಡೆಯ ಜಾಗ ಬದಲಾಗಿತ್ತು. ಹಳ್ಳ ಈಗಲೂ ಹರಿಯುತ್ತದೆ.

ಆ ದಿನ ಎಲ್ಲ ಸರಿಯಾಗಿ ನಡೆಯಿತು ಅಂತ ನಾನು ಹೇಳಲ್ಲ. ಬಸ್ಸಿನಲ್ಲಿ ಕರೆತಂದು ಕೂರಿಸಿದವರೂ ಇದ್ದರು. ಇಂಗ್ಲಿಷಿನ ದಪ್ಪ ವರದಿಯ ಕನ್ನಡ ಸಾರಾಂಶ ಹತ್ತು ಪುಟವೂ ಇರಲಿಲ್ಲ, ಅದರಲ್ಲೂ ಅರ್ಧ ಯಾರಿಗೂ ತಿಳಿಯುವ ಹಾಗಿರಲಿಲ್ಲ. ಆದರೂ ಯಾವ ಪರಿಣತರ ವರದಿಯಲ್ಲೂ ಇಲ್ಲದ ಒಂದು ಹಳ್ಳ ಆ ಸಭೆಯಲ್ಲಿ ಕಾಗದಕ್ಕೆ ಬಂತು. ದೆಹಲಿಯ ಸಮಿತಿ ಎಷ್ಟೇ ಒಳ್ಳೆಯದಿರಲಿ, ಸ್ವಾತಿ ಮಳೆಯಲ್ಲಿ ಎಲ್ಲಿ ನೀರು ಹರಿಯುತ್ತದೆ ಎಂದು ಅದಕ್ಕೆ ಯಾರು ಹೇಳುತ್ತಾರೆ?

ನಮ್ಮ ಜಿಲ್ಲೆಯದೇ ಇನ್ನೊಂದು ಮಾತು. ಬೇಬಿ ಬೆಟ್ಟದ ಕಲ್ಲು ಗಣಿಯ ಸ್ಫೋಟದಿಂದ ಕನ್ನಂಬಾಡಿ ಕಟ್ಟೆಗೆ ಅಪಾಯ ಎಂದು ರೈತರು ವರ್ಷಗಟ್ಟಲೆ ಕೂಗಿದರು. 2024ರ ಜನವರಿಯಲ್ಲಿ ಹೈಕೋರ್ಟ್ ಕಟ್ಟೆಯ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆ ನಿಲ್ಲಿಸಲು ಹೇಳಿತು. ಮೊದಲೇ ಕೇಳಿದ್ದರೆ ಕೋರ್ಟಿನವರೆಗೆ ಹೋಗುವ ಕೆಲಸ ಇರಲಿಲ್ಲ ಅಲ್ವಾ?

ಲಿಥಿಯಂ ಅಂದರೆ ಬಿಳಿ ಚಿನ್ನ ಅನ್ನುತ್ತಾರೆ. ಮಂಡ್ಯದ 1,600 ಟನ್ ಎಷ್ಟಕ್ಕೆ ಬರುತ್ತದೆ ನೋಡೋಣ. ಒಂದು ಎಲೆಕ್ಟ್ರಿಕ್ ಕಾರಿಗೆ ಸುಮಾರು 8 ಕಿಲೋ ಲಿಥಿಯಂ ಎಂದು ಹಿಡಿಯಿರಿ. ಒಂದು ಚೂರೂ ಹಾಳಾಗದೆ ಎಲ್ಲ ಹೊರಬಂದರೆ 2 ಲಕ್ಷ ಕಾರು. ನಮ್ಮ ದೇಶದಲ್ಲಿ ಒಂದು ವರ್ಷಕ್ಕೆ ಮಾರಾಟವಾಗುವ ಕಾರು 40 ಲಕ್ಷಕ್ಕಿಂತ ಜಾಸ್ತಿ. ಇಂಥ ಕಲ್ಲಿನಲ್ಲಿ ಲಿಥಿಯಂ ಇರುವುದೂ ತುಂಬ ಕಡಿಮೆ. ಒಳ್ಳೆಯ ಅದಿರು ಅನ್ನಿಸಿಕೊಂಡ ಒಂದು ಟನ್ ಕಲ್ಲಿನಲ್ಲಿ ಆರೇಳು ಕಿಲೋ. ಉಳಿದದ್ದೆಲ್ಲ ಪುಡಿಯಾಗಿ ಅಲ್ಲೇ ಬೀಳುತ್ತದೆ. ಅದಿರನ್ನು 1,000 ಡಿಗ್ರಿಗೂ ಮೇಲೆ ಹುರಿದು, ಗಂಧಕಾಮ್ಲ ಹಾಕಿ ಕಾಯಿಸಿ, ನೀರಿನಲ್ಲಿ ಸೋಸಬೇಕು. ಗಂಧಕಾಮ್ಲ ಮುಟ್ಟಿದರೆ ಏನಾಗುತ್ತದೆ ಎಂದು ಎಂಟನೇ ಕ್ಲಾಸಿನ ಮಕ್ಕಳಿಗೆ ಪ್ರತಿವರ್ಷ ಹೇಳಿಕೊಟ್ಟವಳು ನಾನು. ಈ ಪುಡಿ ಎಲ್ಲಿಗೆ ಹೋಗುತ್ತದೆ, ಈ ನೀರು ಎಲ್ಲಿಗೆ ಹೋಗುತ್ತದೆ, ವಿಶ್ವೇಶ್ವರಯ್ಯ ನಾಲೆಯ ಗದ್ದೆಗಳಿಗೆ ಇಳಿಯುತ್ತದಾ ಎಂದು ಕೇಳುವುದು ದೇಶದ್ರೋಹ ಅಲ್ಲ. ನಮ್ಮ ರಾಜ್ಯದಲ್ಲೇ ಕೆಜಿಎಫ್ ಇದೆ. 2001ರ ಫೆಬ್ರುವರಿಯಲ್ಲಿ ಗಣಿ ಮುಚ್ಚಿತು. ಸೈನೈಡ್ ಗುಡ್ಡಗಳು ಹಾಗೇ ಇವೆ. ಗಾಳಿ ಜೋರಾದ ದಿನ ಆ ಧೂಳು ಇಂದಿಗೂ ಮನೆಯೊಳಗೆ ಬರುತ್ತದೆ.

ಬೇರೆ ದೇಶಗಳಲ್ಲಿ ಕೇಳದೆ ಅಗೆದು ಏನಾಯಿತು ಎಂಬುದಕ್ಕೆ ಪನಾಮ ಸಾಕು. ಅಲ್ಲಿನ ಕೋಬ್ರೆ ಪನಾಮ ಗಣಿ ಜಗತ್ತಿನ ತಾಮ್ರದಲ್ಲಿ ಸುಮಾರು ನೂರಕ್ಕೆ ಒಂದು ಪಾಲು ತೆಗೆಯುತ್ತಿತ್ತು. ದೇಶದ ಆದಾಯದಲ್ಲಿ ನೂರಕ್ಕೆ ಐದು ಪಾಲು ಅದರದ್ದೇ. 2023ರ ಅಕ್ಟೋಬರ್‌ನಲ್ಲಿ ಸರ್ಕಾರ ತರಾತುರಿಯಲ್ಲಿ ಹೊಸ ಒಪ್ಪಂದಕ್ಕೆ ಕಾನೂನು ಮಾಡಿತು. ಜನ ಬೀದಿಗೆ ಬಂದರು. ವಾರಗಟ್ಟಲೆ ರಸ್ತೆ ಬಂದ್. ನವೆಂಬರ್ 28ರಂದು ಅಲ್ಲಿನ ಸುಪ್ರೀಂ ಕೋರ್ಟ್ ಆ ಕಾನೂನೇ ಸಂವಿಧಾನಕ್ಕೆ ವಿರುದ್ಧ ಎಂದಿತು. ಅಷ್ಟು ದೊಡ್ಡ ಗಣಿ ನಿಂತುಹೋಯಿತು. ತರಾತುರಿ ಮಾಡಿ ಎಷ್ಟು ದಿನ ಉಳಿಸಿದರು?

ಅರ್ಜೆಂಟೀನಾ ನಮಗೆ ಇನ್ನೂ ಹತ್ತಿರ. ಯಾಕೆಂದರೆ ಅಲ್ಲಿ ಅಗೆಯಲು ಹೊರಟಿರುವವರಲ್ಲಿ ನಾವೂ ಇದ್ದೇವೆ. ನಮ್ಮ ಸರ್ಕಾರಿ ಕಂಪನಿ ಕಾಬಿಲ್ 2024ರ ಜನವರಿಯಲ್ಲಿ ಕತಮಾರ್ಕಾ ಪ್ರಾಂತ್ಯದಲ್ಲಿ ಐದು ಲಿಥಿಯಂ ಬ್ಲಾಕ್‌ಗಳಿಗೆ ಸಹಿ ಹಾಕಿತು. ಎರಡೇ ತಿಂಗಳಿಗೆ ಆ ಪ್ರಾಂತ್ಯದ ಉಚ್ಚ ನ್ಯಾಯಾಲಯ ಲಾಸ್ ಪಾತೋಸ್ ನದಿಯ ಪ್ರದೇಶದಲ್ಲಿ ಹೊಸ ಪರವಾನಗಿಗಳನ್ನೇ ತಡೆಯಿತು. ಎಲ್ಲ ಗಣಿ ಸೇರಿ ನದಿಗೆ ಏನು ಮಾಡುತ್ತವೆ ಎಂದು ಒಟ್ಟಿಗೆ ಲೆಕ್ಕ ಹಾಕಿ, ಆಮೇಲೆ ಕೊಡಿ ಎಂದಿತು. ಪಕ್ಕದ ಹುಹುಯ್ ಪ್ರಾಂತ್ಯದ ಉಪ್ಪಿನ ಬಯಲಿನಲ್ಲಿ ಬದುಕುವ ಮೂಲನಿವಾಸಿಗಳು 2015ರಲ್ಲೇ ಒಂದು ಕೆಲಸ ಮಾಡಿದ್ದರು. ನಮ್ಮನ್ನು ಕೇಳುವುದಾದರೆ ಹೀಗೆ ಕೇಳಬೇಕು ಎಂದು ತಾವೇ ಒಂದು ನಿಯಮಾವಳಿ ಬರೆದರು. ಅದರ ಹೆಸರು 'ಕಾಚಿ ಯುಪಿ'. ಉಪ್ಪಿನ ಹೆಜ್ಜೆಗುರುತು ಎಂದು ಅರ್ಥ. ಉಪ್ಪು ಹೇಗೆ ಹುಟ್ಟುತ್ತದೆ, ಬೆಳೆಯುತ್ತದೆ, ಕೊಯ್ಲಿಗೆ ಬರುತ್ತದೆ ಎಂಬ ಕ್ರಮದಲ್ಲೇ ಮಾತುಕತೆಯ ಹಂತಗಳನ್ನು ಇಟ್ಟಿದ್ದಾರೆ. ಇದನ್ನು ಓದಿದಾಗ ನನಗೆ ನಮ್ಮ ಮಳೆ ನಕ್ಷತ್ರಗಳು ನೆನಪಾದವು. ನಮ್ಮ ರೈತರೂ ಭರಣಿ, ರೋಹಿಣಿ, ಚಿತ್ತಾ, ಸ್ವಾತಿ ಎಂದು ಹೀಗೆಯೇ ಬರೆಯಬಲ್ಲರು. ಯಾರಾದರೂ ಕೇಳಬೇಕು.

ದುಡ್ಡಿನ ಮಾತನ್ನೂ ಆಡಿಬಿಡುತ್ತೇನೆ. 2023ರಲ್ಲಿ ಕೇಂದ್ರ ಸರ್ಕಾರ ಲಿಥಿಯಂಗೆ ರಾಯಧನ, ಅಂದರೆ ಅಗೆದವರು ಸರ್ಕಾರಕ್ಕೆ ಕೊಡಬೇಕಾದ ಪಾಲು, ನಿಗದಿ ಮಾಡಿತು. ಲಂಡನ್ ಲೋಹದ ಪೇಟೆಯ ಬೆಲೆಯ ಶೇಕಡ 3. ಹರಾಜಿನಲ್ಲಿ ಪಡೆದ ಗಣಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಬರುವುದು ಆ ರಾಯಧನದ ಹತ್ತನೇ ಒಂದು ಭಾಗ. ಅಂದರೆ ನೂರು ರೂಪಾಯಿ ಲೋಹ ನಮ್ಮ ನೆಲದಿಂದ ಹೋದರೆ ಗಣಿಯಿಂದ ತೊಂದರೆಪಡುವ ಊರುಗಳ ಹೆಸರಿಗೆ ಬರುವುದು 30 ಪೈಸೆ. ಅದೂ ಊರಿನ ಕೈಗಲ್ಲ, ಜಿಲ್ಲೆಗೆ. ಚಿಲಿ ದೇಶದ ಅಟಕಾಮದಲ್ಲಿ ಆಲ್ಬೆಮಾರ್ಲ್ ಕಂಪನಿ 2016ರಲ್ಲಿ ಅಲ್ಲಿನ ಅಟಕಾಮೆನ್ಯೊ ಸಮುದಾಯಗಳ ಜೊತೆ ಕೂತು ಒಪ್ಪಂದ ಮಾಡಿಕೊಂಡಿತು. ಮಾರಾಟದ ಶೇಕಡ 3.5 ಆ ಸಮುದಾಯಗಳಿಗೆ. ನೀರನ್ನು ಅಳೆದು ನೋಡಲು ಆ ಜನರದ್ದೇ ಒಂದು ಘಟಕ ಇದೆ. ಅಲ್ಲಿ ಜಗಳ ಇಲ್ಲ ಅಂತಲ್ಲ. ನೀರಿಗಾಗಿ ಇವತ್ತಿಗೂ ಇದೆ. ಆದರೆ ಅವರು ಕೂತು ಮಾತಾಡಿದ್ದರಿಂದ ಮೂರೂವರೆ ರೂಪಾಯಿ. ನಾವು ಮಾತಾಡುವ ಜಾಗವೇ ಇಲ್ಲದೆ ಮೂವತ್ತು ಪೈಸೆ.

ಹಾಗಂತ ಸಭೆ ಮಾಡಿದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ. ಯಾರನ್ನು ಕೇಳುತ್ತೇವೆ ಎಂಬುದೂ ಮುಖ್ಯ. ನಮ್ಮ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ. ತಿರುಮಣಿ, ವಳ್ಳೂರು ಸೇರಿ ಐದು ಊರುಗಳ ಜಮೀನು. ಅಲ್ಲಿ ಒಂದು ಒಳ್ಳೆಯ ಕೆಲಸ ಆಯಿತು. ಜಮೀನು ಕಿತ್ತುಕೊಳ್ಳದೆ ಗುತ್ತಿಗೆಗೆ ಪಡೆದರು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಮಳೆ ಕಾಣದ ಆ ಸೀಮೆಯಲ್ಲಿ ಅದು ದೊಡ್ಡ ಆಸರೆ. ಜಮೀನು ಇನ್ನೂ ರೈತನ ಹೆಸರಿನಲ್ಲೇ ಇದೆ. ಆದರೆ ಆ ಹೊಲಗಳಲ್ಲಿ ಕೂಲಿ ಮಾಡಿ ಬದುಕುತ್ತಿದ್ದವರ ಬಳಿ ಪಹಣಿ ಇರಲಿಲ್ಲ. ಅವರಿಗೆ ಗುತ್ತಿಗೆ ಹಣವೂ ಬರಲಿಲ್ಲ, ಕಡಲೆಕಾಯಿ ಕೀಳುವ ಕೂಲಿಯೂ ಹೋಯಿತು. ಕುರಿ ಮೇಯಿಸುವವರಿಗೆ ಬೇಲಿ ಅಡ್ಡ ಬಂತು. ಕೇಳಿದ್ದು ಜಮೀನಿದ್ದವರನ್ನು ಮಾತ್ರ. ಅಹವಾಲು ಸಭೆಗೆ ಬರಲು ಪಹಣಿ ಬೇಕಿಲ್ಲ. ಅದಕ್ಕೇ ಅದು ನನಗೆ ಇಷ್ಟು ದೊಡ್ಡದಾಗಿ ಕಾಣುವುದು. ಮೈಕಿನ ಮುಂದೆ ಕೂಲಿಯವಳೂ ನಿಲ್ಲಬಹುದು, ಕುರಿಯವನೂ ನಿಲ್ಲಬಹುದು.

ಅರಣ್ಯ ಹಕ್ಕು ಕಾಯ್ದೆ ಇದೆಯಲ್ಲ, ಗ್ರಾಮಸಭೆ ಇದೆಯಲ್ಲ ಎಂದು ನಿಮ್ಮ ಅಧಿಕಾರಿಗಳು ಹೇಳಬಹುದು. ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ 12 ಗ್ರಾಮಸಭೆಗಳು ನಡೆದವು. ಹನ್ನೆರಡೂ ಗಣಿ ಬೇಡ ಎಂದವು. ಅದು ಆ ಜನರ ದೊಡ್ಡ ಗೆಲುವು. ಆದರೆ ನಮ್ಮ ಖುಷ್ಕಿ ಹೊಲದ ರೈತ, ಗೋಮಾಳದಲ್ಲಿ ದನ ಮೇಯಿಸುವ ಹೆಂಗಸು ಆ ಕಾಯ್ದೆಯ ಕೆಳಗೆ ಬರುವುದಿಲ್ಲ. ಅವರಿಗೆ ಇದ್ದದ್ದು ಈ ಒಂದೇ ಸಭೆ.

ರಾಷ್ಟ್ರೀಯ ನಿರ್ಣಾಯಕ ಖನಿಜ ಮಿಷನ್‌ಗೆ 2025ರ ಜನವರಿಯಲ್ಲಿ 16,300 ಕೋಟಿ ರೂಪಾಯಿ ಇಟ್ಟಿದ್ದೀರಿ. ಆ ಹಣದಲ್ಲಿ ನೆಲ ಕೊರೆದು ಸರಿಯಾಗಿ ನೋಡಿ. ಹಳೆಯ ಬ್ಯಾಟರಿಯಿಂದ ಲೋಹ ಬಿಡಿಸುವ ಕೆಲಸಕ್ಕೆ 1,500 ಕೋಟಿಯ ಯೋಜನೆ ಮಾಡಿದ್ದೀರಿ, ಅದನ್ನು ದೊಡ್ಡದು ಮಾಡಿ. ಇಂಡೊನೇಷ್ಯಾ 2020ರಲ್ಲಿ ನಿಕ್ಕಲ್ ಅದಿರಿನ ರಫ್ತು ನಿಲ್ಲಿಸಿ ಕಾರ್ಖಾನೆಗಳನ್ನು ತನ್ನ ನೆಲಕ್ಕೇ ತರಿಸಿಕೊಂಡ ಹಾಗೆ, ಅದಿರಿನ ಕೆಲಸ ಇಲ್ಲೇ ಆಗಲಿ. ಆದರೆ ಅಲ್ಲಿನ ಮೊರೊವಾಲಿಯಲ್ಲಿ 2023ರ ಡಿಸೆಂಬರ್‌ನಲ್ಲಿ ಒಂದೇ ಕುಲುಮೆಯ ಸ್ಫೋಟದಲ್ಲಿ 21 ಕಾರ್ಮಿಕರು ಸತ್ತರು ಎಂಬುದನ್ನೂ ಎದುರಿಗೆ ಇಟ್ಟುಕೊಳ್ಳಿ.

ಸೆಪ್ಟೆಂಬರ್ 8ರ ಜ್ಞಾಪನವನ್ನು ವಾಪಸ್ ಪಡೆಯಿರಿ. ಅಷ್ಟೇ ಅಲ್ಲ, ಸಭೆಯನ್ನು ಹರಾಜಿಗಿಂತ ಮುಂಚೆ ಇಡಿ. ಕಂಪನಿ ಕೋಟಿಗಟ್ಟಲೆ ಸುರಿದ ಮೇಲೆ ನಮ್ಮನ್ನು ಕೇಳಿದರೆ ನಮ್ಮ "ಬೇಡ"ಕ್ಕೆ ಬೆಲೆ ಇರುವುದಿಲ್ಲ, "ಹೀಗೆ ಮಾಡಿ" ಅನ್ನುವುದಕ್ಕೂ ಜಾಗ ಇರುವುದಿಲ್ಲ. ವರದಿಯನ್ನು ಪೂರ್ತಿ ಕನ್ನಡದಲ್ಲಿ ಕೊಡಿ, ಗ್ರಾಮ ಪಂಚಾಯಿತಿಯಲ್ಲಿ ಇಡಿ, ನಕ್ಷೆಯನ್ನು ಡೈರಿಯ ಗೋಡೆಗೆ ಅಂಟಿಸಿ. ನಮ್ಮ ಕಡೆ ಎಲ್ಲರೂ ದಿನಕ್ಕೆ ಎರಡು ಸಲ ಹಾಲು ಹಾಕಲು ಅಲ್ಲಿಗೆ ಬರುತ್ತಾರೆ. ನಿಂತು ನೋಡುತ್ತಾರೆ. ತಪ್ಪಿದ್ದರೆ ಹೇಳುತ್ತಾರೆ.

ಸಭೆಯನ್ನು ನಾಟಿ ಸಮಯದಲ್ಲಿ ಇಡಬೇಡಿ, ಕಟಾವಿನಲ್ಲೂ ಬೇಡ. ಬೆಳಿಗ್ಗೆ ಹನ್ನೊಂದಕ್ಕೆ ಶುರು ಮಾಡಿ, ಸಂಜೆ ಹಾಲು ಕರೆಯುವ ಹೊತ್ತಿಗೆ ಮುಗಿಸಿ. ಇಲ್ಲದಿದ್ದರೆ ಹೆಂಗಸರು ಬರಲು ಆಗುವುದಿಲ್ಲ. ಆ ಹುಡುಗನ ತಾತನ ಹೊಲ ಇನ್ನೂ ಅಲ್ಲೇ ಇದೆ, ಈಗ ಅವನೇ ಉಳುತ್ತಿದ್ದಾನೆ. ಮೊದಲ ನೋಟಿಸು ಅವನ ಮನೆ ಬಾಗಿಲಿಗೆ, ಕನ್ನಡದಲ್ಲಿ, 30 ದಿನ ಮುಂಚೆ ತಲುಪಲಿ.

ಇಂತಿ,
ಮಂಡ್ಯ ಜಿಲ್ಲೆಯ ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕಿ